ಎರಡು ಕೈಯ ವಿದ್ಯಾ

ವಿದ್ಯಾ ಶೆಟ್ಟಿ ಆಟದಲ್ಲಿ ತನ್ನ ಯೋಧೆಗೆ ಆಯುಧ ಆರಿಸುವ ಮುಂಚೆ ಮಹೇಶನ ಮನೆಯ ಅಡುಗೆಮನೆಗೆ ಹೋಗುತ್ತಿದ್ದಳು. ಬಲಗೈಯಲ್ಲಿ ಲಟ್ಟಣಿಗೆ, ಎಡಗೈಯಲ್ಲಿ ಸೌಟು ಹಿಡಿದು ಫ್ರಿಜ್ಜಿನ ಮುಂದೆ ನಿಂತು ಬೀಸುವಳು. ಸೌಟು ಇಟ್ಟು ಚಾಕು ಹಿಡಿಯುವಳು, ಚಾಕು ಇಟ್ಟು ಇಕ್ಕಳ. ಚಹಾ ಇಳಿಸಲು ನಿಂತ ಮಹೇಶನ ತಾಯಿ, "ಯವ್ವಾ, ಇಕ್ಕಳ ಕೊಡ ನನಗ, ಚಾ ಉಕ್ಕಾಕತ್ತೈತಿ" ಎಂದು ನಗುತ್ತಿದ್ದರು. ನನ್ನನ್ನು ಕಂಡು ಅವರು ಎಂದೂ ಹಾಗೆ ನಕ್ಕಿರಲಿಲ್ಲ.

ಮಹೇಶನೂ ನಾನೂ ಡೊಂಬಿವಲಿ ಎಂಐಡಿಸಿಯಲ್ಲಿ ಒಂದೇ ಬಿಲ್ಡಿಂಗಿನಲ್ಲಿ ಬೆಳೆದವರು. ಅವನು ಐರೋಲಿಯಲ್ಲಿ ಫ್ಲ್ಯಾಟು ತೆಗೆದುಕೊಂಡ ಮೇಲೆ ಭಾನುವಾರ ಮಧ್ಯಾಹ್ನ ಅಲ್ಲಿ ನಮ್ಮ ಆಟ. ಮಹೇಶ ಕತೆ ಹೇಳುವನು. ಉಳಿದವರು ಅದರೊಳಗೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಏಟು ತಾಗಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಾಗಿದರೆ ಗಾಯ ಎಷ್ಟೆಂದು ಆಯುಧಕ್ಕೆ ತಕ್ಕ ಇನ್ನೊಂದು ದಾಳ. ಒಂದೊಂದು ಕೈಯಲ್ಲೂ ಒಂದೊಂದು ಉದ್ದನೆಯ ಖಡ್ಗ ಹಿಡಿದ ಯೋಧ ನಾನು. ಆ ಜಾಗ ನನ್ನದೇ ಆಗಿತ್ತು, ವಿದ್ಯಾ ಬರುವ ತನಕ.

ಅವಳು ಮಹೇಶನ ಆಫೀಸಿನವಳು, ವಿಠ್ಠಲವಾಡಿಯಿಂದ ಬರುತ್ತಿದ್ದಳು. ಮೊದಲ ದಿನವೇ ತನಗೂ ಎರಡು ಕೈಯ ಯೋಧೆಯೇ ಬೇಕೆಂದಳು. ಆಮೇಲೆ ನನ್ನ ಖಡ್ಗಗಳ ವಿಚಾರಕ್ಕೆ ಬಂದಳು.

"ಎಡಗೈಗೂ ಅಷ್ಟು ಭಾರದ್ದು ಎಂತಕ್ಕೆ ಮಾರಾಯ್ರೇ? ಗುರಿ ತಪ್ಪುವುದಿಲ್ವಾ?"

"ತಾಗಿದ್ರ ಎಂಟು ಮುಖದ ದಾಳ ಉರುಳಸ್ತೀನ್ರಿ. ಹಗುರಾದ ಚೂರಿ ಹಿಡದ್ರ ನಾಲ್ಕೇ."

"ತಾಗಿದ್ರೆ ಅಲ್ವಾ? ತಾಗದಿದ್ದದ್ದಕ್ಕೆ ದಾಳವೇ ಇಲ್ಲ. ಚೂರಿಯಾದ್ರೆ ಎಸೀಲಿಕ್ಕೂ ಆಗ್ತದೆ."

ಎಲ್ಲರೂ ನಕ್ಕರು. ಮಹೇಶ ನಿಯಮದ ಪುಸ್ತಕ ಮಗುಚಿ, "ಸಹೀ ಬೋಲ್ ರಹೀ ಹೈ ಯಾರ್" ಎಂದು ಅವಳ ಮಾತನ್ನೇ ಒಪ್ಪಿದ. ಅದೇ ಪುಸ್ತಕವನ್ನು ಅವನಿಗೆ ಮೊದಲು ಓದಿ ವಿವರಿಸಿದವನು ನಾನು.

ಆಯುಧ ಆರಿಸುವುದು ಅವಳಿಗೆ ಹಬ್ಬ. ಎರಡೂ ಕೈಗೆ ಒಂದೇ ಜಾತಿಯದು ಕೊಟ್ಟರೆ ಕಲಿತದ್ದು ಎರಡಕ್ಕೂ ಬರುತ್ತದೆ. ಬೇರೆ ಬೇರೆ ಕೊಟ್ಟರೆ ಒಂದು ನಡೆಯದ ಕಡೆ ಇನ್ನೊಂದು ನಡೆಯುತ್ತದೆ. ಇದನ್ನು ಬಟಾಟೆವಡೆ ತಿನ್ನುತ್ತಾ ಎಷ್ಟು ಹೊತ್ತಾದರೂ ವಾದಿಸುವಳು. ಕೊನೆಗೆ ಬಲಗೈಗೆ ಗಿಡ್ಡ ಗದೆ, ಎಡಗೈಗೆ ಚೂರಿ ಎಂದು ನಿಶ್ಚಯಿಸಿದಳು. ಹುಡುಗರೆಲ್ಲ ತಮ್ಮ ತಮ್ಮ ಆಯುಧದ ಸಲಹೆಗೂ ಅವಳನ್ನೇ ಕೇಳತೊಡಗಿದರು. ನಾನು ಚಹಾದ ಲೋಟದೊಳಗೆ ನೋಡುತ್ತಾ ಕೂರುತ್ತಿದ್ದೆ.

ಒಂದು ಭಾನುವಾರ ಕತೆಯಲ್ಲಿ ಪಾಳುಕೋಟೆ ಬಂತು, ತುಂಬ ಅಸ್ಥಿಪಂಜರಗಳು. ನನ್ನ ಖಡ್ಗಗಳು ಎಲುಬಿನ ಸಂದಿಯಲ್ಲಿ ಸುಮ್ಮನೆ ಹಾದುಹೋದವು. ಅವಳ ಗದೆ ಪುಡಿ ಮಾಡುತ್ತಾ ನಡೆಯಿತು. ನಾನು ಹಿಂದೆ ಸರಿಯುತ್ತಾ ಹಾಳುಬಾವಿಯ ಅಂಚಿನಿಂದ ಜಾರಿ ಒಂದು ಬೇರಿಗೆ ಜೋತುಬಿದ್ದೆ. ಅವಳ ಸರದಿ. ಎದುರಿಗೇ ಅಸ್ಥಿಪಂಜರಗಳ ದೊರೆ, ಇನ್ನೊಂದು ಏಟಿಗೆ ಬೀಳುವಂತಿದ್ದ.

"ಎರಡೂ ಕೆಳಗೆ ಹಾಕ್ತೇನೆ" ಎಂದಳು ವಿದ್ಯಾ.

"ಪಾಗಲ್ ಹೈ ಕ್ಯಾ? ಅವ್ನು ಹೊಡೀತಾನೆ" ಎಂದ ಮಹೇಶ.

"ಹೊಡೀಲಿ. ಕೈ ಖಾಲಿ ಇಲ್ಲದೆ ಗಿರೀಶ್‌ನ ಹೇಗೆ ಎಳೀಲಿ?"

ದೊರೆಯ ಏಟು ತಿಂದಳು, ನನ್ನನ್ನು ಮೇಲೆಳೆದಳು. ಮಹೇಶ ಕುರ್ಚಿ ಬಿಟ್ಟು ಎದ್ದು ಚಪ್ಪಾಳೆ ತಟ್ಟಿದ. ನಾನು ಬದುಕಿದೆ ಎನ್ನುವುದು ಯಾರಿಗೂ ನೆನಪಿರಲಿಲ್ಲ. ಆ ದಿನ ಲೋಕಲ್ಲಿನಲ್ಲಿ ನಿಂತು ಮನೆಗೆ ಹೋಗುವಾಗ ಆ ಬಾವಿಯೊಳಗೆ ಬಿದ್ದೇ ಹೋಗಿದ್ದರೆ ಚೆನ್ನಾಗಿತ್ತು ಅನಿಸಿತು.

ಮಳೆಗಾಲ ಕಳೆದ ಮೇಲೆ ಮಹೇಶನಿಗೆ ನಾಸಿಕಕ್ಕೆ ವರ್ಗವಾಯಿತು. ಇನ್ನು ಕತೆ ಹೇಳುವವರು ಯಾರು? ಬಾಲ್ಯದ ಗೆಳೆಯ ನಾನಿದ್ದೆ. ಒಂದು ದ್ವೀಪರಾಜ್ಯದ ಕತೆ ಕಟ್ಟಿಕೊಂಡೇ ಹೋಗಿದ್ದೆ. ಮಹೇಶ ದಾಳದ ಚೀಲವನ್ನು ಮೇಜಿನ ಮೇಲೆ ಜಾರಿಸಿದ. ಅದು ನನ್ನನ್ನು ದಾಟಿ ವಿದ್ಯಾಳ ಮುಂದೆ ನಿಂತಿತು. "ಮೊದಲು ಗಿರೀಶನ್ನ ಕೇಳಿ" ಎಂದಳು ಅವಳು. ಅದಂತೂ ಇನ್ನೂ ಉರಿಯಿತು. ಟೈಮ್ ಸಿಗೂದಿಲ್ಲ ಎಂದೆ. ಮುಂದೆ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ಠಾಣೆ ಸ್ಟೇಷನ್ನಿನಲ್ಲಿ, ವಾಶಿ ಗಾಡಿಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಳು. ಐರೋಲಿಯ ಗುಂಪು ಮುರಿದಿತ್ತು. ನೆರೂಳಿನಲ್ಲಿ ಈಗ ಹೊಸಬರಿಗೆ ಈ ಆಟ ಆಡಿಸುತ್ತೇನೆ ಎಂದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಭಾರದ ಕೊಡಲಿಯಾ? ಎರಡೂ ಕೈಗಾ?" ಎಂದು ನಕ್ಕಳು. "ನಿಲ್ಲು ಮಾರಾಯಾ, ಪಾತ್ರದ ಹಾಳೆಯಲ್ಲಿ ಏನೂ ಬರೀಬೇಡ. ನಾನು ಬಂದ ಮೇಲೆ ಒಟ್ಟಿಗೆ ಕೂತು ನೋಡುವ."

ಗಾಡಿ ಬಂತು. "ನೀವೂ ಬನ್ನಿ ಒಂದಿನ" ಎಂದು ಲೇಡೀಸ್ ಡಬ್ಬಿಯತ್ತ ಓಡಿದಳು. ಆಮೇಲೆ ಅವಳನ್ನು ನೋಡಿಲ್ಲ. ಅತ್ತ ಕಡೆ ಫೋನಿನಲ್ಲಿದ್ದವನು ಯಾರೋ ಗೊತ್ತಿಲ್ಲ. ಅವನ ಹೆಸರೂ ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಅವನ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚು ನಾನು ಇನ್ಯಾರ ಮೇಲೂ ಪಟ್ಟಿಲ್ಲ.