ಬೇಕೆಂದೇ ಇಟ್ಟ ತಪ್ಪುಗಳು

ಬೆಳಿಗ್ಗೆ ಆರೂಕಾಲು. ಶಾಲೆಯ ಗೇಟು ತೆರೆದು ಹತ್ತು ನಿಮಿಷವಾಗಿದೆ ಅಷ್ಟೆ. ನೆಲಮಹಡಿಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹೊತ್ತಿಕೊಳ್ಳುತ್ತದೆ. ಐವತ್ತು ದಾಟಿದ ಹೆಂಗಸೊಬ್ಬರು ಬಕೆಟ್ಟಿನ ಅಂಚಿಗೆ ಆರು ಥರ್ಮಾಮೀಟರುಗಳನ್ನು ಬುಡ ಮುಳುಗುವಂತೆ ಒರಗಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ಓದುತ್ತಿದ್ದಾರೆ. ಐದು ಇಪ್ಪತ್ನಾಲ್ಕು ಡಿಗ್ರಿ ತೋರಿಸುತ್ತಿವೆ. ಆರನೆಯದು ಇಪ್ಪತ್ತಾರು. ಅದರ ಮರದ ಹಲಗೆಯ ಮೇಲೆ ಗಾಜಿನ ನಳಿಗೆ ಕೂದಲೆಳೆಯಷ್ಟು ಮೇಲಕ್ಕೆ ಸರಿದಿದೆ. "ಸರಿ, ನೀನಿನ್ನೂ ಸುಳ್ಳು ಹೇಳೋದು ಬಿಟ್ಟಿಲ್ಲ," ಎಂದು ಅದನ್ನು ಗದರಿ, ಒರೆಸಿ, ಉಳಿದ ಐದರ ನಡುವೆಯೇ ತಟ್ಟೆಯಲ್ಲಿ ಇಡುತ್ತಾರೆ.

ಕಡತದಲ್ಲಿ ಇವರು ಬೋಧನೋಪಕರಣ ಕೋಣೆಯ ಪಾಲಕಿ. ಮಕ್ಕಳ ಬಾಯಲ್ಲಿ ತಟ್ಟೆಯಮ್ಮ. ಆರು, ಏಳು, ಎಂಟನೇ ತರಗತಿಗಳ ಯಾವ ಪಾಠಕ್ಕೆ ಯಾವ ಸಾಮಾನು ಬೇಕೋ ಅದನ್ನು ತಟ್ಟೆಯಲ್ಲಿ ಜೋಡಿಸಿ, ಗಂಟೆ ಹೊಡೆಯುವ ಮೊದಲು ತರಗತಿಯ ಮೇಜಿನ ಮೇಲೆ ಇಡುವುದು ಇವರ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಅದನ್ನೇ ಮಾಡುತ್ತಿದ್ದಾರೆ. ಇವತ್ತಿನ ಬೆಳಗು ಮಾತ್ರ ಉಳಿದವುಗಳಂತಲ್ಲ. ಮೂರು ವಾರದ ಹಿಂದೆ ಕೋಣೆ ತಪಾಸಣೆಗೆ ಬಂದ ಅಧಿಕಾರಿ ಹನ್ನೊಂದು ಕೆಟ್ಟ ಉಪಕರಣಗಳನ್ನು ಪಟ್ಟಿ ಮಾಡಿ, ಕೆಳಗೆ 'ಪಾಲಕಿಯ ನಿರ್ಲಕ್ಷ್ಯ' ಎಂದು ಬರೆದು ಹೋಗಿದ್ದಾರೆ. ಉತ್ತರ ಕೊಡದಿದ್ದರೆ ಆ ಮಾತು ಸೇವಾ ಪುಸ್ತಕಕ್ಕೆ ಏರುತ್ತದೆ, ಹನ್ನೊಂದೂ ಗುಜರಿಗೆ ಹೋಗುತ್ತವೆ. ಉತ್ತರವನ್ನು ಕೇಳಲು ಅವರು ಇವತ್ತು ಎರಡನೇ ಪೀರಿಯಡ್ಡಿಗೆ ಬರುತ್ತಾರೆ.

"ಪುಸ್ತಕಕ್ಕೆ ಏರಿದ್ರೆ ಏರಲಿ ಅನ್ನೋಕೆ ನನಗೇನು ದೊಡ್ಡ ಎದೆಯಿಲ್ಲ," ಎನ್ನುತ್ತಾರೆ ತಟ್ಟೆಯಮ್ಮ, ಥರ್ಮಾಮೀಟರುಗಳ ಪಕ್ಕ ಆರು ಲೋಟ ಎಣಿಸುತ್ತ. "ಆದ್ರೆ ಆ ಸಾಮಾನು ಹೋಗಿಬಿಟ್ರೆ ಏಳನೇ ಕ್ಲಾಸಿಗೆ ನಾನು ಏನಿಡ್ಲಿ?"

ಒಳ್ಳೆಯ ಸಾಮಾನು ಇಡಬಾರದೇ ಎಂದು ಯಾರಾದರೂ ಕೇಳಬಹುದು. ಒಂದು ಕಾಲದಲ್ಲಿ ಅವರೂ ಹಾಗೇ ಅಂದುಕೊಂಡಿದ್ದರು.

ತಟ್ಟೆಯಮ್ಮನ ಓದು ಏಳನೇ ತರಗತಿಗೆ ನಿಂತಿತು. ತಾಯಿ ಹಾಸಿಗೆ ಹಿಡಿದಾಗ ಕೆಳಗಿನ ಮೂವರನ್ನು ನೋಡಿಕೊಳ್ಳಲು ಹಿರಿಮಗಳೇ ಆಗಬೇಕಿತ್ತು. ಮದುವೆಯಾದ ಮೇಲೆ ಛಾಪಾಖಾನೆಯಲ್ಲಿದ್ದ ಗಂಡನ ಬಲಗೈ ಯಂತ್ರಕ್ಕೆ ಸಿಕ್ಕಿ ಶಕ್ತಿ ಕಳೆದುಕೊಂಡಿತು. ಆ ವರ್ಷವೇ ಈ ಶಾಲೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. ಈಗ ಗಂಡ ಎಡಗೈಯಲ್ಲೇ ಹೆಸರು ಚೀಟಿಗಳನ್ನು ಮುತ್ತಿನಂತೆ ಬರೆದುಕೊಡುತ್ತಾರೆ. ಕೋಣೆಯ ಸಾವಿರದ ನೂರಕ್ಕೂ ಮೀರಿದ ಸಾಮಾನುಗಳ ಮೇಲೂ ಅವರದೇ ಅಕ್ಷರ. ಮನೆಯಲ್ಲಿ ಗೇಲಿಗೇನೂ ಬರವಿಲ್ಲ. "ನಮ್ಮತ್ತಿಗೆ ಹತ್ತೊಂಬತ್ತು ವರ್ಷದಿಂದ ಏಳನೇ ಕ್ಲಾಸಲ್ಲೇ ಕೂತಿದಾಳೆ, ಇನ್ನೂ ಪಾಸಾಗಿಲ್ಲ," ಎನ್ನುತ್ತಾಳೆ ನಾದಿನಿ. ಅತ್ತಿಗೆಯದೂ ಚುರುಕು ನಾಲಿಗೆಯೇ. "ಪಾಸಾದೋರೆಲ್ಲ ಮರೆತುಬಿಟ್ರಲ್ಲ, ಯಾರಾದ್ರೂ ನೆನಪಿಟ್ಕೋಬೇಕಲ್ವೇನೇ."

ನೆನಪಂತೂ ಇದೆ. ಮೂರು ತರಗತಿಗಳ ಎಲ್ಲ ವಿಷಯಗಳನ್ನೂ ಸೇರಿಸಿದರೆ ಪಠ್ಯಕ್ರಮದ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಕಲಿಕೆಯ ಉದ್ದೇಶಗಳಿವೆ. ಪಾಠ ಮುಗಿದಾಗ ಮಗುವಿಗೆ ಏನು ಮಾಡಲು ಬರಬೇಕು ಎಂಬುದನ್ನು ಒಂದೊಂದು ಸಾಲಿನಲ್ಲಿ ಹೇಳಿರುತ್ತಾರೆ. ಮೊದಲ ವರ್ಷಗಳಲ್ಲಿ ಶಿಕ್ಷಕರು ಕೊಟ್ಟ ಚೀಟಿ ನೋಡಿ ಸಾಮಾನು ಇಡುತ್ತಿದ್ದರು. ಚೀಟಿ ತಡವಾಗಿ ಬರುವುದು, ಬಂದದ್ದು ಓದಲಾಗದಿರುವುದು ಹೆಚ್ಚಾದಾಗ ಆ ಪುಸ್ತಕವನ್ನೇ ಕೇಳಿ ಇಸಿದುಕೊಂಡರು. ಆ ಸಾಲುಗಳಿಂದಲೇ ತಟ್ಟೆ ಜೋಡಿಸುವ ಲೆಕ್ಕವೊಂದನ್ನು ಕಟ್ಟಿಕೊಂಡರು.

"ಹೆಸರು ಹೇಳೋದು ಅಂತಿದ್ರೆ ಒಂದು ಕಲ್ಲು ಸಾಕು. ಹೋಲಿಸೋದು ಅಂತಿದ್ರೆ ಎರಡು. ಗುಂಪು ಮಾಡೋದು ಅಂತಿದ್ರೆ ಹನ್ನೆರಡಾದ್ರೂ ಬೇಕು. ಅದರಲ್ಲೊಂದು ಯಾವ ಗುಂಪಿಗೂ ಸೇರದ ತಂಟೆಕೋರ ಇರಲೇಬೇಕು. ಇಲ್ದಿದ್ರೆ ಮಕ್ಕಳು ಬಣ್ಣ ನೋಡಿ ಬೇರೆ ಮಾಡಿ ಆಟಕ್ಕೆ ಓಡ್ತಾವೆ."

ದಿನಕ್ಕೆ ಸರಾಸರಿ ಇಪ್ಪತ್ತೆಂಟು ತಟ್ಟೆ. ಮಹಡಿಗೆ ನಲವತ್ತಾರು ಮೆಟ್ಟಿಲು. ಒಡೆದ ಗಾಜು ವರ್ಷಕ್ಕೆ ನಾಲ್ಕೈದು. ಒಂದು ಪಾಠವನ್ನೂ ಅವರು ಪೂರ್ತಿ ಕೂತು ಕೇಳಿದ್ದಿಲ್ಲ. ತಟ್ಟೆಯಿಟ್ಟು ಹೊರಬರುವ ಹೊತ್ತಿಗೆ ಪಕ್ಕದ ತರಗತಿಯ ತಟ್ಟೆ ಕಾಯುತ್ತಿರುತ್ತದೆ.

ಒಳ್ಳೆಯ ಸಾಮಾನನ್ನಷ್ಟೇ ಇಡುವ ತಪ್ಪು ನಡೆದದ್ದು ಎಂಟು ವರ್ಷದ ಹಿಂದೆ. ಎಡವಿದ್ದು ಸೋಮಾರಿತನದಿಂದಲ್ಲ, ಅತಿಯಾದ ಅಚ್ಚುಕಟ್ಟಿನಿಂದ. ರಜೆಯಲ್ಲಿ ಬಂದು ಅಳತೆಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು, ತಕ್ಕಡಿಗಳ ತಟ್ಟೆ ಅದಲುಬದಲು ಮಾಡಿ ತೂಗಿದರು, ಥರ್ಮಾಮೀಟರುಗಳನ್ನು ಬಕೆಟ್ಟಿಗಿಳಿಸಿದರು. ಒಂದಿಷ್ಟು ಹೆಚ್ಚುಕಮ್ಮಿ ಬಂದದ್ದನ್ನೆಲ್ಲ ಅಟ್ಟಕ್ಕೆ ಹಾಕಿದರು. ಆ ವರ್ಷ ಆರು ಗುಂಪು ಅಳೆದರೆ ಆರಕ್ಕೂ ಒಂದೇ ಉತ್ತರ. ತರಗತಿಯಲ್ಲಿ ಜಗಳವಿಲ್ಲ, ತಕರಾರಿಲ್ಲ. ಎಲ್ಲರೂ ಹೊಗಳಿದರು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಇಬ್ಬರು ಒಂದೇ ನೀರಿನ ಬಿಸಿ ಅಳೆದಿದ್ದಾರೆ, ಉತ್ತರ ಬೇರೆ ಬೇರೆ ಬಂದಿದೆ. ಯಾರದು ಸರಿಯೆಂದು ತಿಳಿಯಲು ಏನು ಮಾಡುತ್ತೀರಿ? ಐವತ್ತೆಂಟು ಮಕ್ಕಳಲ್ಲಿ ನಲವತ್ತೊಂದು ಮಂದಿ 'ಟೀಚರನ್ನು ಕೇಳುತ್ತೇವೆ' ಎಂದು ಬರೆದರು. ಇನ್ನೊಬ್ಬ 'ಇಬ್ಬರಲ್ಲಿ ಜಾಣ ಯಾರೋ ಅವನದು ಸರಿ' ಎಂದು ಬರೆದ.

ಆಗಿನ ವಿಜ್ಞಾನ ಶಿಕ್ಷಕಿ, ಈಗ ನಿವೃತ್ತರು, ಉತ್ತರಪತ್ರಿಕೆಗಳ ಕಟ್ಟು ಹಿಡಿದು ಕೋಣೆಗೆ ಬಂದರು. "ಏನಮ್ಮಾ, ನಿಮ್ಮ ತಟ್ಟೆ ಎಷ್ಟು ಚೆನ್ನಾಗಿತ್ತು ಅಂದ್ರೆ ಈ ಮಕ್ಕಳು ಇಡೀ ವರ್ಷ ಒಂದು ಅಳತೆಯನ್ನೂ ಅನುಮಾನಿಸಲಿಲ್ಲ!" ಎಂದು ನಕ್ಕರು. ತಟ್ಟೆಯಮ್ಮನಿಗೆ ನಗು ಬರಲಿಲ್ಲ. "ಎರಡು ದಿನ ಅವರ ಹತ್ರ ಮಾತು ಬಿಟ್ಟೆ. ಚೆನ್ನಾಗಿ ಮಾಡಿದ್ದಕ್ಕೂ ಬೈಗುಳವಾ ಅಂತ. ಮೂರನೇ ದಿನ ಪುಸ್ತಕ ತೆಗೆದು ನೋಡಿದೆ. ಏಳನೇ ಕ್ಲಾಸು, ವಿಜ್ಞಾನ, ಒಂಬತ್ತನೇ ಸಾಲು. 'ಅಳತೆಗಳು ಬೇರೆಯಾದಾಗ ಕಾರಣ ಹುಡುಕುವುದು.' ಬೇರೆ ಆಗೋಕೆ ನಾನೆಲ್ಲಿ ಬಿಟ್ಟಿದ್ದೆ?"

ಅವತ್ತೇ ಏಣಿ ಹಾಕಿ ಅಟ್ಟ ಹತ್ತಿದರು. ಅಂದಿನಿಂದ ಅಳತೆಯ ಪ್ರತಿ ತಟ್ಟೆಯಲ್ಲೂ ಒಬ್ಬ ಸುಳ್ಳುಗಾರ ಇರುತ್ತಾನೆ. ಎರಡು ಡಿಗ್ರಿ ಏರಿಸಿ ಹೇಳುವ ಥರ್ಮಾಮೀಟರು. ತುದಿ ಸವೆದು ನಾಲ್ಕು ಮಿಲಿಮೀಟರ್ ಕಳೆದುಕೊಂಡ, ಹಾಗಾಗಿ ಎಲ್ಲವನ್ನೂ ಉದ್ದ ಮಾಡಿ ತೋರಿಸುವ ಅಳತೆಪಟ್ಟಿ. ಎಡತಟ್ಟೆ ಭಾರವಾದ ತಕ್ಕಡಿ. ಸಮಾಜ ವಿಜ್ಞಾನಕ್ಕೆ ಒಂದೇ ಬಡಾವಣೆಯ ಎರಡು ನಕ್ಷೆಗಳಿವೆ, ಒಂದು ಸೇತುವೆ ಕಟ್ಟುವ ಮೊದಲಿನದು. ಯಾವುದನ್ನು ಏಕೆ ನಂಬಬೇಕು ಎಂಬುದೇ ಅಲ್ಲಿಯ ಉದ್ದೇಶ. ಯಾವುದು ಸುಳ್ಳೆಂದು ಶಿಕ್ಷಕರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಕಡತದಲ್ಲಿ ಬರೆದಿಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅಧಿಕಾರಿಯ ಕೈಗೆ ಸಿಕ್ಕಿಬಿದ್ದದ್ದು ಅಲ್ಲಿಯೇ.

ಎರಡನೇ ಪೀರಿಯಡ್ಡಿನ ಗಂಟೆ ಹೊಡೆಯುತ್ತದೆ. ಮೊದಲು ಪಾಠ ನೋಡಿ ಎಂದು ತಟ್ಟೆಯಮ್ಮ ಕೇಳಿಕೊಂಡದ್ದಕ್ಕೆ ಅಧಿಕಾರಿ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ತಟ್ಟೆಯಮ್ಮ ಬಾಗಿಲ ಹೊರಗೆ ಗೋಡೆಗೆ ಆತುಕೊಂಡು ನಿಂತಿದ್ದಾರೆ. ಆರು ಗುಂಪುಗಳು ಒಂದೇ ಪಾತ್ರೆಯಿಂದ ತುಂಬಿದ ನೀರನ್ನು ಅಳೆಯುತ್ತವೆ. ಐದು ಗುಂಪುಗಳು ಮೂವತ್ತೆಂಟು ಎನ್ನುತ್ತವೆ.

"ನಮ್ದು ನಲವತ್ತು," ಎನ್ನುತ್ತಾಳೆ ಎರಡು ಜಡೆಯ ಹುಡುಗಿ.

"ಕನ್ನಡಕ ಹಾಕ್ಕೊಳೇ!" ಎಂದು ಪಕ್ಕದ ಗುಂಪಿನ ಹುಡುಗ ಕೂಗುತ್ತಾನೆ.

"ನೀನು ಹಾಕ್ಕೊ. ಬಂದು ನೋಡು, ನಲವತ್ತೇ ಇದೆ."

"ಐದು ಗುಂಪಿನೋರು ಒಂದೇ ಹೇಳ್ತಿದೀವಿ. ನಿಂದೇ ತಪ್ಪು ಬಿಡೇ."

ಹುಡುಗಿ ಪೆಚ್ಚಾಗಿ ತನ್ನ ಲೋಟದತ್ತ ಬಗ್ಗುತ್ತಾಳೆ. ಶಿಕ್ಷಕರು ಆರೂ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಪಕ್ಕಕ್ಕೆ ಸರಿಯುತ್ತಾರೆ. ಹೊರಗೆ ತಟ್ಟೆಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಇಲ್ಲಿಗೇ ನಿಂತರೆ ಅಧಿಕಾರಿಯ ಮಾತೇ ನಿಜವಾಗುತ್ತದೆ: ಕೆಟ್ಟ ಸಾಮಾನು, ಪೆಚ್ಚಾದ ಮಗು.

ಅಷ್ಟರಲ್ಲಿ ಹುಡುಗಿ ಪಕ್ಕದ ಗುಂಪಿನ ಮೇಜಿಗೆ ಹೋಗುತ್ತಾಳೆ. "ನಿಮ್ಮ ಥರ್ಮಾಮೀಟರು ಇಲ್ಲಿ ಕೊಡ್ರೋ. ನಮ್ದು ನಿಮ್ಮ ಲೋಟಕ್ಕೆ ಹಾಕ್ತೀನಿ." ಹಾಕುತ್ತಾಳೆ. ಅವರ ಲೋಟದಲ್ಲಿ ನಲವತ್ತು ಬರುತ್ತದೆ, ಅವಳ ಲೋಟದಲ್ಲಿ ಮೂವತ್ತೆಂಟು. "ನೋಡಿದ್ರಾ? ನೀರಿಂದಲ್ಲ, ನನ್ನ ಕಣ್ಣಿಂದೂ ಅಲ್ಲ. ಇದೇ ಕಳ್ಳ!" ತರಗತಿಯೆಲ್ಲ ಆ ಮೇಜಿನ ಮೇಲೆ ಬೀಳುತ್ತದೆ. ಹಿಂದಿನ ಬೆಂಚಿನಿಂದ ಅಧಿಕಾರಿಯೂ ಎದ್ದು, ಮಕ್ಕಳ ತಲೆಗಳ ಮೇಲಿಂದ ಇಣುಕುತ್ತಾರೆ.

ಪಾಠ ಮುಗಿದ ಮೇಲೆ ಕೊನೆಯ ಕೋಣೆಯಲ್ಲಿ ತಟ್ಟೆಯಮ್ಮ ತಮ್ಮ ಉತ್ತರವನ್ನು ಮುಂದಿಡುತ್ತಾರೆ. ಗಣಿತದ ಶಿಕ್ಷಕರು ಬರೆದುಕೊಡುತ್ತೇನೆಂದರೂ ಒಪ್ಪದೆ, ನಾಲ್ಕು ದಿನ ಕೂತು ತಾವೇ ಬರೆದದ್ದು. ಒಂದೊಂದು ಉಪಕರಣದ ಎದುರು ಅದು ಎಷ್ಟು ತಪ್ಪು, ಯಾವ ತರಗತಿಗೆ, ಯಾವ ಉದ್ದೇಶದ ಸಾಲಿಗೆ ಎಂಬ ವಿವರ. ಅಧಿಕಾರಿ ಬೆರಳಿಟ್ಟು ಓದುತ್ತ ಹತ್ತನೆಯದನ್ನು ದಾಟಿ ನಿಲ್ಲುತ್ತಾರೆ. ಹನ್ನೊಂದನೆಯ ಸಾಲು ಹೀಗಿದೆ: 'ಗಾಜಿನ ಜಾಡಿ. ಬಾಯಿ ಒಡೆದಿದೆ. ಉದ್ದೇಶ ಏನೂ ಇಲ್ಲ. ಮಕ್ಕಳ ಕೈ ಕುಯ್ಯುತ್ತಿತ್ತು. ಇದು ನನ್ನ ನಿರ್ಲಕ್ಷ್ಯ.'

"ಇದಕ್ಕೂ ಒಂದು ಉದ್ದೇಶ ಬರೆದಿದ್ರೆ ನಾನು ನಂಬಿಬಿಡ್ತಿದ್ದೆನಲ್ಲಮ್ಮ," ಎನ್ನುತ್ತಾರೆ ಅವರು.

"ನೀವು ನಂಬ್ತಿದ್ರಿ ಸಾರ್. ಆಮೇಲೆ ಮೇಲಿನ ಹತ್ತನ್ನ ನಾನೇ ನಂಬೋಕಾಗ್ತಿರಲಿಲ್ಲ."

ಅಧಿಕಾರಿ ತಮ್ಮ ವರದಿ ತೆಗೆದು, 'ನಿರ್ಲಕ್ಷ್ಯ' ಎಂಬ ಪದದ ಮೇಲೆ ಪೆನ್ನಿಟ್ಟು ಪೂರ್ತಿ ಹೊಡೆದುಹಾಕಲೇ ಎಂಬಂತೆ ನೋಡುತ್ತಾರೆ. ತಟ್ಟೆಯಮ್ಮ ಬೇಡವೆಂದು ತಲೆಯಾಡಿಸುತ್ತಾರೆ.

"ಪದ ಇರಲಿ ಸಾರ್. ಹನ್ನೊಂದು ಅನ್ನೋದನ್ನ ಮಾತ್ರ ಹೊಡೆದು ಒಂದು ಅಂತ ಮಾಡಿ."