ಹೊಟ್ಟೆ ತುಂಬಿದ ಮೀನು ನೊಣ ಕಚ್ಚೀತೆ?

ನಾನು ಹುಟ್ಟಾ ಸಸ್ಯಾಹಾರಿ. ಆದರೂ ಎರಡು ತಿಂಗಳಿಂದ ಮೀನಿನ ಹಸಿವೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೇನೆ. ತಪ್ಪು ಫೋನಿನದು. ನಿವೃತ್ತನಾದವನಿಗೆ ಅದು ಏನನ್ನು ಬೇಕಾದರೂ ತೋರಿಸುತ್ತದೆ. ಒಂದು ವಿಡಿಯೋದಲ್ಲಿ ಸೊಂಟದ ಮಟ್ಟದ ತಣ್ಣೀರಿನಲ್ಲಿ ನಿಂತ ಬಿಳಿಯರು ಗಾಳಕ್ಕೆ ಹುಳುವಿನ ಬದಲು, ಗರಿ ಮತ್ತು ದಾರ ಸುತ್ತಿದ ಸುಳ್ಳು ನೊಣ ಕಟ್ಟಿ ಸಾಲ್ಮನ್ ಎಂಬ ಮೀನು ಹಿಡಿಯುತ್ತಿದ್ದರು. ಸೋಜಿಗ ಅದಲ್ಲ. ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಬರುವ ಸಾಲ್ಮನ್ ಊಟವನ್ನೇ ಬಿಟ್ಟುಬಿಡುತ್ತದಂತೆ! ಮತ್ತೆ ನೊಣವನ್ನೇಕೆ ಕಚ್ಚುತ್ತದೆ? ಹಳೆಯ ಅಭ್ಯಾಸ ಎನ್ನುವವರುಂಟು. ಮೂಗಿನ ಮುಂದೆ ಇದೇನು ಕುಣಿತ ಎಂಬ ಸಿಟ್ಟು ಎನ್ನುವವರೂ ಉಂಟು. ಮೀನನ್ನು ಕೇಳಿದವರಿಲ್ಲ.

ಅನ್ನಪೂರ್ಣೇಶ್ವರಿ ನಗರದ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವ ನಂಜುಂಡಪ್ಪನವರಿಗೆ ಇದನ್ನು ಹೇಳಿದೆ. ಅವರು ನಮ್ಮ ಬಡಾವಣೆಯ ಪಕ್ಕದ ಉಲ್ಲಾಳದ ಹಳೆಯ ಒಕ್ಕಲು ಮನೆತನದವರು, ಊರ ಕೆರೆಯಲ್ಲಿ ಗಾಳ ಹಾಕಿ ಬೆಳೆದವರು.

“ಹಸಿವಿಲ್ದೆ ಯಾವ ಮೀನು ಬಾಯಿ ಹಾಕುತ್ತೆ ಸಾರ್? ನಿಮಗೆ ಫೋನ್ ಕೊಡಿಸಿದೋರನ್ನ ಹಿಡ್ಕೊಂಡು ಕೇಳ್ಬೇಕು,” ಎಂದರು.

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾಲಿಗೆ ಸುಮ್ಮನಿದ್ದೀತೆ? ಭಾನುವಾರ ಕಾವೇರಿ ದಂಡೆಯಲ್ಲಿರುವ ಅವರ ಅಕ್ಕನ ಊರಿನಲ್ಲಿ ಪರೀಕ್ಷೆ ಎಂದು ತೀರ್ಮಾನವಾಯಿತು. ಅಲ್ಲಿ ಸಾಲ್ಮನ್ ಇಲ್ಲ. ಇದ್ದ ಮೀನುಗಳೇ ಅದರ ಪರವಾಗಿ ಸಾಕ್ಷಿ ಹೇಳಬೇಕಿತ್ತು. ವಿಜಯನಗರದ ಮಾರ್ಕೆಟ್ಟಿನಿಂದ ಬಣ್ಣದ ದಾರ ತಂದೆ. ಗರಿಗಳನ್ನು ಪಾರಿವಾಳಗಳು ನಮ್ಮ ಬಾಲ್ಕನಿಯಲ್ಲೇ ಧಾರಾಳವಾಗಿ ಬಿಟ್ಟುಹೋಗಿದ್ದವು. ನಾನು ಕಟ್ಟಿದ ನೊಣವನ್ನು ಹೆಂಡತಿ ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಕಂಡ್ರೆ ಮೀನು ಹೆದರ್ಕೊಂಡು ಸಮುದ್ರಕ್ಕೇ ವಾಪಸ್ ಹೋಗುತ್ತೆ ಕಣ್ರೀ,” ಎಂದಳು.

ಮೊದಲ ಬೀಸಿಗೆ ನನ್ನ ನೊಣ ನಂಜುಂಡಪ್ಪನವರ ಟೋಪಿಯನ್ನು ಹಿಡಿಯಿತು. ಎರಡನೆಯದಕ್ಕೆ ಹೊಂಗೆಯ ಕೊಂಬೆಯನ್ನು. ಅವರಾದರೋ ಎರೆಹುಳು ಸಿಕ್ಕಿಸಿ, ಕಲ್ಲಿನ ಮೇಲೆ ಕುಳಿತು, ಮಾತಿಲ್ಲದೆ ಮೂರು ಮೀನು ಎತ್ತಿದರು. ಬಿಸಿಲೇರಿತು. ಇನ್ನು ಸೋಲೊಪ್ಪಬೇಕು ಎನ್ನುವಷ್ಟರಲ್ಲಿ ದಾರ ಜಗ್ಗಿತು. ಬೆರಳುದ್ದದ ಮೀನು! ನನ್ನ ಕೂಗಿಗೆ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಯಾರೋ ಮುಳುಗಿದರೆಂದು ಎದ್ದು ನಿಂತರು. ಫೋಟೋ ತೆಗೆಯಲು ಫೋನು ಹುಡುಕುವಷ್ಟರಲ್ಲಿ ಮೀನು ಜಾರಿ ನೀರಿಗೆ ಬಿತ್ತು.

“ಅದಕ್ಕೆ ಹಸಿವಾಗಿತ್ತು ಸಾರ್,” ಎಂದರು ನಂಜುಂಡಪ್ಪ.

“ಇಲ್ಲ, ಸಿಟ್ಟು ಬಂದಿತ್ತು,” ಎಂದೆ.

ಕೆಂಗೇರಿ ಬರುವವರೆಗೂ ಕಾರಿನಲ್ಲಿ ಇದೇ ವಾದ.

ಮನೆಗೆ ಬಂದು ಹೊಟ್ಟೆ ಬಿರಿಯುವಂತೆ ಉಂಡು ಮಲಗಿದ್ದೆ. ಲೋಕದಿಂದ ನನಗೇನೂ ಬೇಕಿರಲಿಲ್ಲ. ಆಗ ಪಾರ್ಕಿನವರ ವಾಟ್ಸಾಪ್ ಗುಂಪಿನಲ್ಲಿ ನಂಜುಂಡಪ್ಪನವರ ಒಂದೇ ಸಾಲು: “ನಮ್ಮ ಮೇಷ್ಟ್ರಿಗೆ ಒಂದು ಮೀನೂ ಸಿಗ್ಲಿಲ್ಲ.”

ದಡಕ್ಕನೆ ಎದ್ದು ಕುಳಿತೆ. ಕನ್ನಡಕಕ್ಕೂ ಕಾಯದೆ, ಮೀನಿನ ಉದ್ದ, ಬಣ್ಣ, ದಾರ ಜಗ್ಗಿದ ರಭಸ ಎಲ್ಲವನ್ನೂ ವಿವರಿಸಿ ನಾಲ್ಕು ಪ್ಯಾರಾ ಬರೆದು ಕಳಿಸಿದೆ.

ಕೂಡಲೇ ಉತ್ತರ ಬಂತು: “ಊಟ ಆಯ್ತಾ ಸಾರ್?”

“ಚೆನ್ನಾಗೇ ಆಯ್ತು. ಯಾಕೆ?”

“ಹಾಗಾದ್ರೆ ನೀವು ಹೇಳಿದ್ದೇ ಸರಿ. ಹಸಿವಿಲ್ದಿದ್ರೂ ಕಚ್ಚುತ್ತೆ.”