ಶರ್ವರಿಯ ಹೊಸ ವಿಳಾಸ

ಕಾಚಿಗುಡದ ಆ ಮನೆಯ ಕರೆಗಂಟೆ ಒತ್ತಿದರೆ ಸದ್ದಾಗುವುದಿಲ್ಲ. ನಡುಮನೆಯಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬಂದ ಮೆದುಳುಜ್ವರ ಶರ್ವರಿಯ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು. ಎದುರಿನವರ ತುಟಿ ನೋಡಿ ಕನ್ನಡ, ತೆಲುಗು, ಹಿಂದಿ ಮೂರನ್ನೂ ತಿಳಿದುಕೊಳ್ಳುತ್ತಿದ್ದಳು. ಆದರೆ ಫೋನಿಗೆ ತುಟಿ ಇರುವುದಿಲ್ಲವಲ್ಲ.

ಅವಳ ತಂದೆ ವಾಸುದೇವರಾಯರು ನಾಂಪಲ್ಲಿಯ ದಫ್ತರದಲ್ಲಿ ನಿಜಾಮರ ಕಾಲದ ಭೂದಾಖಲೆ ನೋಡಿಕೊಳ್ಳುತ್ತಿದ್ದವರು. ಮಗಳು ಮಂಚ ಬಿಟ್ಟೆದ್ದ ವರ್ಷ ಅವಳನ್ನು ಎದುರಿಗೆ ಕೂರಿಸಿಕೊಂಡು, ಅಕ್ಷರ ಮುರಿದು ಕೂಡಿಸಿ ಅವಸರದಲ್ಲಿ ಬರೆಯುತ್ತಿದ್ದ ಹಳೆಯ ಉರ್ದು ಬರಹ ಓದುವುದನ್ನು ಕಲಿಸಿದರು. ಈಗ ಅವಳಿಗೆ ಐವತ್ತೆರಡು. ಬೀದರ, ಕಲಬುರಗಿ ಕಡೆಯವರ ಹಳೆಯ ಉರ್ದು ಪತ್ರಗಳನ್ನು ಕನ್ನಡಕ್ಕೆ ಇಳಿಸಿಕೊಡುವುದೇ ಅವಳ ಕಸುಬು. ಕಾಗದಗಳೆಲ್ಲ ಸ್ಕ್ಯಾನ್ ಆಗಿ ಇಮೇಲಿನಲ್ಲಿ ಬರುತ್ತಿದ್ದವು. ಮೊಬೈಲಿನಲ್ಲಿ ತೆಗೆದ ಫೋಟೋ ಅವಳಿಗೆ ಆಗುತ್ತಿರಲಿಲ್ಲ. ಅಕ್ಷರದ ಮೇಲಿನ ಒಂದು ಚುಕ್ಕೆ ಮಸುಕಾದರೂ ಹೊಲದ ಒಡೆಯನ ಹೆಸರೇ ಬದಲಾಗುತ್ತದೆ.

ಆ ಇಮೇಲ್ ವಿಳಾಸ ಹದಿನೇಳು ವರ್ಷದ ಹಿಂದೆ ಇಂಟರ್ನೆಟ್ ಸಂಪರ್ಕದ ಜೊತೆ ಪುಕ್ಕಟೆ ಸಿಕ್ಕಿದ್ದು. ಪಕ್ಕದ ಬಡಾವಣೆಯ ಒಂದು ಸಣ್ಣ ಕಂಪನಿ ಕೊಟ್ಟದ್ದು. ಇನ್ನೊಂದು ಬೇಕೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಕೆಂಪು ದೀಪ ಹೊತ್ತಿತು. ಬಾಗಿಲಲ್ಲಿ ಹುಮನಾಬಾದಿನ ಸೂಗಮ್ಮ ನಿಂತಿದ್ದಳು. ರೈಲಿಗೆ ಬಂದವಳ ಮುಖದಲ್ಲಿ ದಣಿವಿಗಿಂತ ಸಿಟ್ಟೇ ಹೆಚ್ಚಿತ್ತು.

"ಮೂರು ಸಲ ಕಾಗದ ಕಳಿಸೀವಿರಿ ಬಾಯಾರ. ವಕೀಲರು ಕಳಿಸಿದ್ರು, ನಮ್ಮ ತಮ್ಮ ಕಳಿಸಿದ. ಒಲ್ಲೆ ಅನ್ನಬೇಕಾಗಿತ್ತು ನೀವು. ಸುಮ್ಮ ಕುಂತ್ರ ಹೆಂಗರಿ? ಶುಕ್ರವಾರ ಕೋರ್ಟಿನ್ಯಾಗ ತಾರೀಖ ಐತಿ."

ಶರ್ವರಿ ಕಂಪ್ಯೂಟರ್ ತೆರೆದು ತೋರಿಸಿದಳು. ಸೂಗಮ್ಮನ ಹೆಸರಿನ ಒಂದು ಪತ್ರವೂ ಇರಲಿಲ್ಲ. ಪುಣ್ಯಕ್ಕೆ ಸೂಗಮ್ಮ ಮೂಲ ಕಾಗದವನ್ನೇ ಸೆರಗಿನೊಳಗೆ ಸುತ್ತಿಕೊಂಡು ಬಂದಿದ್ದಳು. ಅಜ್ಜನ ಕಾಲದಿಂದ ಮನೆಗಿದ್ದ ದಾರಿಯ ಹಕ್ಕಿನ ಪತ್ರ ಅದು. ಸೂಗಮ್ಮನನ್ನು ಆ ರಾತ್ರಿ ಅಲ್ಲೇ ಉಳಿಸಿಕೊಂಡು ಶರ್ವರಿ ಆಗಲೇ ಕುಳಿತಳು; ಮರುದಿನ ಮಧ್ಯಾಹ್ನಕ್ಕೆ ಅನುವಾದ ಮುಗಿಸಿ, ಸಹಿ ಹಾಕಿ, ಜೊತೆಗೇ ಇದ್ದ ಅಕ್ಕ ರೇಣುಕಾಳ ಕೈಯಿಂದ ರೊಟ್ಟಿ ಕಟ್ಟಿಸಿ ಕಳಿಸಿದಳು.

ರೈಲು ಹತ್ತಿಸಿ ಬಂದ ಮೇಲೆ ಶರ್ವರಿ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಳು. ಸೂಗಮ್ಮ ಸಿಟ್ಟು ಮಾಡಿಕೊಂಡು ಬಂದಳು. ಬಾರದೆ ಕುಳಿತವರು ಎಷ್ಟು ಜನ? ಯಾರೂ ಬರೆಯುತ್ತಿಲ್ಲ ಎಂದುಕೊಂಡು ಎರಡು ವಾರದಿಂದ ತಾನು ಆರಾಮವಾಗಿ ಕಪಾಟು ಒರೆಸುತ್ತಿದ್ದೆನಲ್ಲ!

ಬುಧವಾರ ಆ ಕಂಪನಿಯ ಕಚೇರಿಗೇ ಹೋದಳು. ಶಟರು ಅರ್ಧ ಇಳಿದಿತ್ತು. ಒಳಗೆ ಆಶಿಷ್ ಎಂಬ ನಡುವಯಸ್ಸಿನ ಉದ್ಯೋಗಿಯೊಬ್ಬ ತಂತಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದೊಡನೆ ಕಾಗದ ತೆಗೆದು ಹಿಂದಿಯಲ್ಲಿ ಬರೆದ: 'ಮೇಲ್ ಸೇವೆ ಮೂವತ್ತನೇ ತಾರೀಖಿಗೆ ಬಂದ್. ಎಲ್ಲರಿಗೂ ನೋಟಿಸು ಕಳಿಸಿದ್ದೇವೆ.'

"ಎಲ್ಲಿಗೆ ಕಳಿಸಿದಿರಿ?" ಎಂದು ಶರ್ವರಿ ಕೇಳಿದಳು.

ಅವನು ನಾಚಿಕೊಂಡು ಬರೆದ: 'ಮೇಲಿಗೇ.'

ಆಮೇಲೆ ಅವನೇ ಕುರ್ಚಿ ಎಳೆದು ಕೂರಿಸಿದ. ಹಳೆಯ ಪತ್ರಗಳು ಇನ್ನೂ ಕಂಪನಿಯ ಯಂತ್ರದಲ್ಲಿವೆ, ಹನ್ನೊಂದು ದಿನದೊಳಗೆ ತೆಗೆದುಕೊಳ್ಳಬಹುದು ಎಂದ. ಹುಡುಕಿದಾಗ, ಕಸದ ಪತ್ರಗಳನ್ನು ಸೋಸಬೇಕಿದ್ದ, ಕೆಟ್ಟುಹೋದ ಜರಡಿಯೊಂದು ತಡೆದಿಟ್ಟ ನಲವತ್ತೊಂದು ಪತ್ರಗಳೂ ಸಿಕ್ಕವು. ಸೂಗಮ್ಮನ ಮೂರೂ ಅಲ್ಲೇ ಬಿದ್ದಿದ್ದವು. ಆಶಿಷ್ ಆ ಜರಡಿಯನ್ನೇ ತೆಗೆದುಹಾಕಿದ. ಶರ್ವರಿ ಆ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡು, ಮಡಚಿ, ಎದೆಗೆ ಒತ್ತಿಕೊಂಡು ಆಟೋ ಹತ್ತಿದಳು.

ಭಾನುವಾರ ರೇಣುಕಾಳ ಮಗಳು ರಶ್ಮಿ ಮಾದಾಪುರದಿಂದ ಮೆಟ್ರೋದಲ್ಲಿ ಬಂದಳು. ಚಿಕ್ಕಮ್ಮನಿಗೆ ಕಾಣುವಂತೆ ಮುಖ ಎತ್ತಿ, ನಿಧಾನವಾಗಿ ಹೇಳಿದಳು: "ಚಿಕ್ಕಮ್ಮಾ, ಮೊದಲ ನಿನ್ನ ಹೆಸರಿಂದೇ ಒಂದು ಡೊಮೇನ್ ತಗೋ. ವಿಳಾಸ ನಿಂದೇ ಆಗ್ತದ. ನಾಳೆ ಯಾವ ಕಂಪನಿ ಮುಚ್ಚಿದ್ರೂ ಪತ್ರ ಬ್ಯಾರೆ ಕಡೆ ತಿರುಗಿಸಬಹುದು, ವಿಳಾಸ ಬದಲಾಗಂಗಿಲ್ಲ. ಆಮ್ಯಾಲೆ ಯಾವ ಕಂಪನಿ ಅನ್ನೋದು ನೀ ಆರಿಸು."

ರಶ್ಮಿ ಮೂರು ಮೇಲ್ ಕಂಪನಿಗಳ ಹೆಸರು ಬರೆದುಕೊಟ್ಟಳು. ಎಷ್ಟು ಜಾಗ, ಏನೇನು ಸೌಲಭ್ಯ ಎಂಬ ಉದ್ದುದ್ದ ಕೋಷ್ಟಕಗಳನ್ನು ಶರ್ವರಿ ಓದಿ ಪಕ್ಕಕ್ಕಿಟ್ಟಳು. ಮೂವರಿಗೂ ಒಂದೇ ಪತ್ರ ಬರೆದಳು: 'ನನಗೆ ಕಿವಿ ಕೇಳುವುದಿಲ್ಲ. ನಾನು ಪಾಸ್‌ವರ್ಡ್ ಮರೆತರೆ, ಅಥವಾ ಯಾರಾದರೂ ನನ್ನ ಖಾತೆಗೆ ನುಗ್ಗಿದರೆ, ನೀವು ಏನು ಮಾಡುತ್ತೀರಿ?'

ಮೊದಲನೆಯವರಿಂದ ಯಂತ್ರದ ಉತ್ತರ ಬಂತು, ನಿಮ್ಮ ಪತ್ರ ತಲುಪಿದೆ ಎಂದು. ಮುಂದೆ ಏನೂ ಬರಲಿಲ್ಲ. ಎರಡನೆಯವರು 'ನಿಮ್ಮ ಸುರಕ್ಷತೆಗಾಗಿ ಈ ನಂಬರಿಗೆ ಕರೆ ಮಾಡಿ' ಎಂದರು. ಅದನ್ನು ಓದಿ ರೇಣುಕಾಗೆ ಮೈ ಉರಿಯಿತು. ಮೂರನೆಯವರಲ್ಲಿ ಸೌಂದರ್ಯಾ ಎಂಬಾಕೆ ಮರುದಿನವೇ ತನ್ನ ಹೆಸರು ಹಾಕಿ ಬರೆದಿದ್ದಳು. ಕರೆ ಬೇಕಾಗಿಲ್ಲ, ಪಾಸ್‌ವರ್ಡ್ ಮರೆತಾಗ ಖಾತೆ ತೆರೆಯಲು ಹತ್ತು ಗುಪ್ತಸಂಖ್ಯೆಗಳನ್ನು ಕೊಡುತ್ತೇವೆ, ಕಾಗದದ ಮೇಲೆ ಬರೆದು ಬೀಗದೊಳಗಿಡಿ. ತೊಂದರೆಯಾದರೆ ಬರೆಯಿರಿ, ಮನುಷ್ಯರೇ ಉತ್ತರಿಸುತ್ತಾರೆ. ನಮ್ಮನ್ನು ಬಿಡಬೇಕೆನಿಸಿದ ದಿನ ನಿಮ್ಮ ಎಲ್ಲ ಪತ್ರಗಳನ್ನೂ ಕಟ್ಟಿಕೊಂಡು ಹೋಗಬಹುದು.

"ಬಿಟ್ಟು ಹೋಗೂದು ಹ್ಯಾಂಗಂತ ಮೊದಲೇ ಹೇಳ್ಯಾರ ನೋಡು," ಎಂದಳು ಶರ್ವರಿ. "ಇವರಾದೀತು."

ರಶ್ಮಿ ಹೇಳಿದಂತೆ ತನ್ನ ಹೆಸರಿನ ಡೊಮೇನ್ ಕೊಂಡಳು. ಆದರೂ ಆ ಕಂಪನಿಗೆ ಒಂದು ತಿಂಗಳ ಮಟ್ಟಿಗೆ ಮಾತ್ರ ಸೇರಿದಳು. ರಶ್ಮಿ ಕಚೇರಿಯಿಂದ, ಗೆಳತಿಯರ ಮನೆಯಿಂದ, ಬೇರೆ ಬೇರೆ ವಿಳಾಸಗಳಿಂದ ಪತ್ರ ಕಳಿಸಿ ನೋಡಿದಳು. ನಲವತ್ತು ಪುಟದ ಸ್ಕ್ಯಾನೂ ಚುಕ್ಕೆ ಕೆಡದೆ ಬಂತು. ಹಳೆಯ ಯಂತ್ರದಿಂದ ಹದಿನೇಳು ವರ್ಷದ ಪತ್ರಗಳು ಹೊಸ ಮನೆಗೆ ಬರಲು ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ಪರದೆಯ ಮೇಲೆ ಏರುತ್ತಿದ್ದ ಅಂಕಿಯನ್ನು ಶರ್ವರಿ ಒಲೆಯ ಮೇಲಿನ ಹಾಲಿನಂತೆ ಕಾದಳು. ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತುಂಬಿಸಿ ಅಪ್ಪನ ಮರದ ಪೆಟ್ಟಿಗೆಯಲ್ಲಿಟ್ಟಳು.

ನಲವತ್ತೊಂದು ಪತ್ರಗಳಿಗೆ ಒಂದೊಂದಾಗಿ ಉತ್ತರ ಬರೆದಳು. ಇಬ್ಬರು ಬೇರೆಯವರಿಂದ ಕೆಲಸ ಮಾಡಿಸಿಕೊಂಡಿದ್ದರು. ಒಬ್ಬರ ತಾರೀಖು ಮುಗಿದಿತ್ತು. ಅವರ ವಕೀಲರು ಇನ್ನೊಂದು ತಾರೀಖು ಕೇಳಿ ಪಡೆದಿದ್ದರು. ಉಳಿದವರಿಗೆಲ್ಲ ಇನ್ನೂ ಸಮಯವಿತ್ತು. ಸೂಗಮ್ಮನ ತಮ್ಮ ಹೊಸ ವಿಳಾಸಕ್ಕೇ ಬರೆದ: ಕೋರ್ಟು ಕಾಗದ ತಗೊಂಡಿತು, ಅಕ್ಕ ಈಗ ನಗುತ್ತಾಳೆ.

ಕೊನೆಗೆ ಹಳೆಯ ಪರಿಚಯದವರಿಗೆಲ್ಲ ವಿಳಾಸ ಬದಲಾಗಿದೆಯೆಂದು ತಿಳಿಸಿದಳು. ಕಲಬುರಗಿಯ ವಕೀಲ ವೈಜನಾಥರ ಉತ್ತರ ಅರ್ಧ ಗಂಟೆಯಲ್ಲಿ ಬಂತು: 'ಅಕ್ಕಾರ, ಯಾರ ಪತ್ರಕ್ಕೂ ಉತ್ತರ ಬರಾಕತ್ತಿಲ್ಲಂತ ಕೇಳಿ ನೀವು ತೀರಿಕೊಂಡ್ರಿ ಅಂದ್ಕೊಂಡಿದ್ವಿ. ಆರಾಮ ಇದ್ದೀರಿ ಅಂದ್ರ ಆರು ಕಾಗದ ಕಳಿಸಾಕತ್ತೀನಿ, ಜಲ್ದಿ ಮಾಡಿಕೊಡ್ರಿ.'

ಶರ್ವರಿ ನಕ್ಕಳು. ಎಷ್ಟು ಜೋರಾಗಿ ನಕ್ಕಳೋ ಅವಳಿಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ರೇಣುಕಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.